ಮಧ್ಯಯುಗದ ರೈತನ ಮನೆ ಬರೀ ಗುಡಿಸಲಾಗಿತ್ತೇ? ವಾರಮ್ ಪರ್ಸಿ ಎಂಬ ಹಾಳೂರಿನ ಸುತ್ತ ಒಂದು ಚರ್ಚೆ

ಸೀಮೆಸುಣ್ಣ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ನೆಲೆಸಿರುವ ನಾನು ಬಿಡುವಾದಾಗಲೆಲ್ಲ ಹೋಗಿಬರುವ ಒಂದು ಜಾಗದ ಬಗ್ಗೆ ಇಲ್ಲಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅದರ ಹೆಸರು ವಾರಮ್ ಪರ್ಸಿ. ಮಾಲ್ಟನ್ ಎಂಬ ಪೇಟೆಯ ಆಗ್ನೇಯಕ್ಕೆ ವೋಲ್ಡ್ಸ್ ಎಂಬ ಗುಡ್ಡಗಳ ಸೀಮೆಯಿದೆ. ಅದರ ಒಂದು ಕಣಿವೆಯ ಅಂಚಿನಲ್ಲಿ ಸುಮಾರು 500 ವರ್ಷಗಳಿಂದ ಜನವಸತಿಯಿಲ್ಲದೆ ಬಿದ್ದಿರುವ ಹಳ್ಳಿ ಇದು. ನಮ್ಮ ಕಂದಾಯ ದಾಖಲೆಗಳ ಮಾತಿನಲ್ಲಿ ಹೇಳುವುದಾದರೆ ಬೇಚರಾಕ್ ಗ್ರಾಮ. ವಾಹನ ನಿಲ್ಲಿಸಿ ಒಂದು ಕಿಲೋಮೀಟರಿಗೂ ಹೆಚ್ಚು ನಡೆದು ಹೋದರೆ ಕಣ್ಣಿಗೆ ಬೀಳುವುದು ಛಾವಣಿಯಿಲ್ಲದ ಒಂದು ಚರ್ಚು, ಒಂದು ಕೊಳ, ಹುಲ್ಲು ಮತ್ತು ಕುರಿಗಳು ಮಾತ್ರ. ಆದರೆ ಸಂಜೆಯ ಓರೆ ಬಿಸಿಲಿನಲ್ಲಿ ದಿಬ್ಬದ ಮೇಲೆ ನಿಂತು ನೋಡಿದರೆ ಹುಲ್ಲಿನ ಅಡಿಯಿಂದ ಊರು ಎದ್ದು ಬಂದಂತೆ ತೋರುತ್ತದೆ. ತಗ್ಗಾದ ಬೀದಿ, ಅದರ ಬದಿಯಲ್ಲಿ ಸಾಲಾಗಿ ನಿವೇಶನಗಳು, ಪ್ರತಿ ನಿವೇಶನದ ಹಿಂದೆ ಉದ್ದನೆಯ ಹಿತ್ತಲು, ಹಿತ್ತಲ ಆಚೆಗೆ ನೇಗಿಲಿನ ಏರುತಗ್ಗುಗಳು, ಎಲ್ಲವೂ ನೆರಳಿನ ಗೆರೆಗಳಾಗಿ ಮೂಡುತ್ತವೆ. ಊರು ತುಂಬಿದ್ದ ಕಾಲದಲ್ಲಿ ಇಲ್ಲಿ ಸುಮಾರು 40 ಮನೆಗಳಿದ್ದವು.

ನಾನು ಚರ್ಚೆಗೆ ಇಡಬೇಕೆಂದಿರುವುದು ಆ ಮನೆಗಳ ವಿಷಯವನ್ನು. ಮಧ್ಯಯುಗದ ಯುರೋಪಿನ ಬಡ ರೈತ ಎಂದೊಡನೆ ನಮ್ಮೆಲ್ಲರ ಮನಸ್ಸಿನಲ್ಲಿ ಒಂದೇ ಚಿತ್ರ ಮೂಡುತ್ತದೆ: ನಾಲ್ಕು ಕೋಲು, ಮೆತ್ತಿದ ಕೆಸರು, ಸೋರುವ ಹುಲ್ಲಿನ ಹೊದಿಕೆ, ಒಳಗೆ ಕೊಳಕು. ವಿಚಿತ್ರವೆಂದರೆ, ಈ ಚಿತ್ರಕ್ಕೆ ಪುರಾತತ್ವದ ಬೆಂಬಲವನ್ನು ಬಹುಕಾಲ ಒದಗಿಸಿದ್ದೇ ವಾರಮ್ ಪರ್ಸಿಯ ಉತ್ಖನನ. 1948ರಲ್ಲಿ ಮೊದಲು ಇಲ್ಲಿಗೆ ಬಂದ ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್, ನಂತರ ಅವರೊಡನೆ ಸೇರಿದ ಪುರಾತತ್ವಜ್ಞ ಜಾನ್ ಹರ್ಸ್ಟ್, ಇಬ್ಬರೂ ಸ್ವಯಂಸೇವಕರನ್ನು ಕಟ್ಟಿಕೊಂಡು 1990ರವರೆಗೆ ಬೇಸಿಗೆಯಿಂದ ಬೇಸಿಗೆಗೆ ನಲವತ್ತು ವರ್ಷ ಅಗೆದರು. ಅರಮನೆಯನ್ನೋ ಮಠವನ್ನೋ ಬಿಟ್ಟು ಸಾಮಾನ್ಯ ರೈತನ ಮನೆಗಾಗಿ ಇಷ್ಟು ಶ್ರಮ ಪಡುವುದು ಆ ಕಾಲಕ್ಕೆ ಹೊಸತು, ಆ ಕಾರಣಕ್ಕೇ ಇವರಿಬ್ಬರ ಬಗ್ಗೆ ನನಗೆ ಅಪಾರ ಗೌರವವಿದೆ. ಕಿರಿದಾದ ಗುಂಡಿಗಳ ಬದಲು ಇಡೀ ಮನೆಯ ಜಾಗವನ್ನು ಒಟ್ಟಿಗೆ ತೆರೆದು, ಒಂದೊಂದೇ ಕಲ್ಲನ್ನು ನಕ್ಷೆಗೆ ಇಳಿಸುತ್ತ ಹೋದಾಗ, ಒಂದೇ ನಿವೇಶನದಲ್ಲಿ ಒಂದರ ಮೇಲೊಂದು ಗೋಡೆಗಳ ಸಾಲು ಕಂಡವು. ಒಂದು ಸಾಲು ಒಂದು ದಿಕ್ಕಿಗಿದ್ದರೆ ಅದರ ಮೇಲಿನದು ತುಸು ಓರೆಯಾಗಿತ್ತು, ಮತ್ತೊಂದು ಇನ್ನೂ ಸರಿದಿತ್ತು. ಹೀಗಾಗಿ ಮನೆಗಳು ದುರ್ಬಲವಾಗಿದ್ದವು, ತಲೆಮಾರಿಗೊಮ್ಮೆ ಬಿದ್ದು ಹೊಸದಾಗಿ ಕಟ್ಟಲಾಗುತ್ತಿತ್ತು ಎಂಬ ನಿರ್ಧಾರಕ್ಕೆ ಅವರು ಬಂದರು.

ಅದೇ ನೆಲವನ್ನು ನಂತರ ಸ್ಟೂವರ್ಟ್ ರಾಥ್‌ಮೆಲ್ ಎಂಬ ಪುರಾತತ್ವಜ್ಞರು ಬೇರೆ ರೀತಿಯಲ್ಲಿ ಓದಿದರು. ಅವರ ಪ್ರಕಾರ ಮನೆಯ ಭಾರ ಗೋಡೆಯ ಮೇಲೆ ಇರಲೇ ಇಲ್ಲ. ಬಾಗಿದ ಮರವೊಂದನ್ನು ಉದ್ದಕ್ಕೆ ಸೀಳಿ, ಆ ಎರಡು ಹೋಳುಗಳನ್ನು ಎದುರುಬದುರಾಗಿ ನಿಲ್ಲಿಸಿ ತುದಿಯಲ್ಲಿ ಕೂಡಿಸಿದರೆ ನೆಲದಿಂದ ಮಾಡಿನ ನೆತ್ತಿಯವರೆಗೆ ಒಂದೇ ಕಮಾನು ಆಗುತ್ತದೆ. ಇದನ್ನು ಇಲ್ಲಿ ಕ್ರಕ್ ಎನ್ನುತ್ತಾರೆ. ಇಂಥ ಜೋಡಿಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಮೇಲೆ ಮಾಡು ಹೊದಿಸಿದರೆ, ಗೋಡೆಯ ಕೆಲಸ ಗಾಳಿ ಮಳೆಯನ್ನು ತಡೆಯುವುದಷ್ಟೇ. ಗೋಡೆ ಸವೆದರೆ ಅಷ್ಟನ್ನೇ ಬಿಚ್ಚಿ, ತುಸು ಆಚೀಚೆ ಹೊಸದನ್ನು ಎತ್ತಬಹುದು. ಮಾಡಿಗೆ ಏನೂ ಆಗುವುದಿಲ್ಲ. ಅಂದರೆ ಹತ್ತಾರು ಮನೆಗಳು ಬಿದ್ದ ಗುರುತೆಂದು ನಂಬಿದ್ದ ಆ ಸಾಲುಗಳು ಒಂದೇ ಮನೆಯನ್ನು ತಲೆಮಾರುಗಳ ಕಾಲ ರಿಪೇರಿ ಮಾಡಿಕೊಂಡು ಬಂದ ಗುರುತುಗಳು. ಈ ಎರಡನೆಯ ಓದು ಸರಿಯೆಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಅತ್ಯಂತ ಬೆಲೆಬಾಳುವ ಭಾಗ ಯಾವುದೋ ಅದು ನೆಲದಲ್ಲಿ ಉಳಿಯಲಿಲ್ಲ, ಅಗ್ಗದ ಭಾಗವಷ್ಟೇ ಉಳಿಯಿತು, ಆ ಅಗ್ಗದ ಭಾಗವನ್ನು ನೋಡಿ ನಾವು ಆ ಜನರನ್ನು ಅಳೆದೆವು. ನಿಮ್ಮ ಅಭಿಪ್ರಾಯಗಳನ್ನು ತಿಳಿಯಲು ಕಾತರನಾಗಿದ್ದೇನೆ.

ಕಟ್ಟಡದ ಕೆಲಸ

ಬಹಳ ಒಳ್ಳೆಯ ವಿಷಯ ಎತ್ತಿದ್ದೀರಿ. ಮೂವತ್ತು ವರ್ಷಗಳಿಂದ ಕಟ್ಟಡ ಕಟ್ಟಿಸುವ ಕೆಲಸದಲ್ಲಿರುವ ನನಗೆ ಒಂದು ಸಂದೇಹ. ಮರ ಉಳಿದಿಲ್ಲವೆಂದು ನೀವೇ ಹೇಳುತ್ತೀರಿ. ಉಳಿಯದ ಮರದ ಬಗ್ಗೆ ಇಷ್ಟು ಖಚಿತವಾಗಿ ಹೇಳುವುದು ಹೇಗೆ? ಗೋಡೆಯೇ ಭಾರ ಹೊತ್ತಿರಬಹುದು, ಆದ್ದರಿಂದಲೇ ಪದೇ ಪದೇ ಕುಸಿದಿರಬಹುದು ಎಂಬ ಮೊದಲಿನವರ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದು ಸರಿಯಲ್ಲ ಎನಿಸುತ್ತದೆ.

ಸೀಮೆಸುಣ್ಣ

ನಿಮ್ಮ ಸಂದೇಹ ನ್ಯಾಯವಾದದ್ದು. ಮೊದಲನೆಯದಾಗಿ, ಅಲ್ಲಿನ ಕಲ್ಲನ್ನೇ ನೋಡಿ. ವೋಲ್ಡ್ಸ್ ಗುಡ್ಡಗಳೆಲ್ಲ ಸೀಮೆಸುಣ್ಣದ ಕಲ್ಲು. ಶಾಲೆಯ ಕರಿಹಲಗೆಯ ಮೇಲೆ ನಾವು ಬರೆಯುತ್ತಿದ್ದ ಬಳಪದ ಸೋದರಸಂಬಂಧಿ ಅದು. ಹೆಗ್ಗಣದಂಥ ಮೋಲ್ ಪ್ರಾಣಿಗಳು ಅಲ್ಲಿ ಬಿಲ ತೋಡಿ ಹೊರಹಾಕಿದ ಮಣ್ಣಿನ ಗುಪ್ಪೆಯಲ್ಲಿ ಸಿಕ್ಕ ಒಂದು ತುಂಡನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಉಗುರಿನಿಂದ ಗೀರಿದರೆ ಪುಡಿ ಬರುತ್ತದೆ, ಬೆರಳೆಲ್ಲ ಬೆಳ್ಳಗಾಗುತ್ತದೆ, ನೀರು ಹೀರಿ ಹೆಪ್ಪುಗಟ್ಟಿದರೆ ತಾನಾಗಿಯೇ ಒಡೆಯುತ್ತದೆ. ಇಂಥ ಕಲ್ಲನ್ನು ತಮ್ಮ ನಿವೇಶನದಲ್ಲೇ ಗುಂಡಿ ತೋಡಿ ತೆಗೆದು, ಗಟ್ಟಿ ಗಾರೆಯಿಲ್ಲದೆ ಜೋಡಿಸಿದ ಗೋಡೆ, ನೀರು ಕುಡಿದ ಹುಲ್ಲಿನ ಮಾಡನ್ನು ಹೊರುತ್ತಿತ್ತು ಎಂದು ಕಟ್ಟಡ ಕಟ್ಟುವವರಾದ ನೀವು ಒಪ್ಪುವಿರಾ?

ಎರಡನೆಯದಾಗಿ, ಕ್ರಕ್ ಕಮಾನುಗಳ ಮನೆಗಳು ಯಾರ್ಕ್‌ಶೈರ್‌ನ ಬೇರೆ ಊರುಗಳಲ್ಲಿ ಇಂದಿಗೂ ನಿಂತಿವೆ. ಮೂರನೆಯದು ಕಾಗದಪತ್ರದ ಸಾಕ್ಷಿ. ಮನೆಗಳ ದುರಸ್ತಿ, ಮರದ ಪೂರೈಕೆ ಇವೆಲ್ಲ ಆ ಕಾಲದ ಜಮೀನ್ದಾರಿ ನ್ಯಾಯಾಲಯಗಳ ಕಡತಗಳಲ್ಲಿ ಮತ್ತೆ ಮತ್ತೆ ಬರುತ್ತವೆ, ಮನೆಯನ್ನು ಹಾಳುಬಿಟ್ಟ ಒಕ್ಕಲಿಗೆ ದಂಡ ಹಾಕುತ್ತಿದ್ದರು. ತಲೆಮಾರಿಗೊಮ್ಮೆ ಬೀಳುವುದೇ ಮನೆಯ ಸಹಜ ಸ್ಥಿತಿಯಾಗಿದ್ದರೆ ದಂಡಕ್ಕೆ ಅರ್ಥವೆಲ್ಲಿ?

ಕಟ್ಟಡದ ಕೆಲಸ

ಕಲ್ಲಿನ ಗುಣ ತಿಳಿದ ಮೇಲೆ ನನ್ನ ಸಂದೇಹ ಬಹುಮಟ್ಟಿಗೆ ಕರಗಿತು. ಒದ್ದೆಯಾದ ಹುಲ್ಲಿನ ಮಾಡಿನ ತೂಕ ಎಷ್ಟೆಂದು ಹೊತ್ತವರಿಗೇ ಗೊತ್ತು. ಅಂಥ ಗೋಡೆಯ ಮೇಲೆ ಅದನ್ನು ಇಡಲು ಯಾವ ಮೇಸ್ತ್ರಿಯೂ ಒಪ್ಪಲಾರ. ಒಂದು ಮಾತು ಮಾತ್ರ ಸೇರಿಸುತ್ತೇನೆ: ಮರ ನೇರವಾಗಿ ನೆಲದಲ್ಲಿ ಹೂತಿದ್ದರೆ ಬುಡ ಕೊಳೆಯುತ್ತದೆ, ಆದ್ದರಿಂದ ಅಡಿಗಲ್ಲಿನ ಮೇಲೆ ನಿಲ್ಲಿಸಿರಬೇಕು. ಹಾಗೆ ನಿಲ್ಲಿಸಿದ್ದರೆ ಕಂಬದ ಗುಂಡಿಯೂ ಉಳಿಯುವುದಿಲ್ಲ, ಅಗೆದವರಿಗೆ ಮರದ ಸುಳಿವು ಸಿಗದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಮಲೆನಾಡಿನ ಓದುಗ

ಮನೆಯ ಒಳಗಿನ ಬದುಕಿನ ಬಗ್ಗೆ ಇನ್ನಷ್ಟು ಬರೆಯಿರಿ. ಮನುಷ್ಯರೂ ದನಕರುಗಳೂ ಒಂದೇ ಸೂರಿನಡಿ ಇದ್ದರೆಂದು ಓದಿದ್ದೇನೆ. ನಮ್ಮ ಕಡೆ ಕೊಟ್ಟಿಗೆ ಮನೆಗೆ ಹತ್ತಿರವೇ ಇದ್ದರೂ ಬೇರೆಯೇ ಕಟ್ಟಡ, ಹಾಗಾಗಿ ಒಂದೇ ಬಾಗಿಲಲ್ಲಿ ಇಬ್ಬರೂ ಓಡಾಡುವುದನ್ನು ಊಹಿಸಿಕೊಳ್ಳುವುದು ನನಗೆ ಕಷ್ಟ.

ಸೀಮೆಸುಣ್ಣ

ಇದನ್ನು ಲಾಂಗ್‌ಹೌಸ್ ಎನ್ನುತ್ತಾರೆ. ಉದ್ದಮನೆ ಎನ್ನಬಹುದು. ಆಯತಾಕಾರದ ಉದ್ದನೆಯ ಕಟ್ಟಡದ ನಡುವೆ ಎದುರುಬದುರು ಎರಡು ಬಾಗಿಲು, ಅವುಗಳ ನಡುವೆ ಅಡ್ಡಲಾಗಿ ಒಂದು ಓಣಿ. ಓಣಿಯ ಒಂದು ಬದಿಗೆ ದನ, ಇನ್ನೊಂದು ಬದಿಗೆ ಮನುಷ್ಯರು. ಮನುಷ್ಯರ ಬದಿಯಲ್ಲಿ ನೆಲದ ಮಧ್ಯಕ್ಕೇ ಒಲೆ. ಹೊಗೆಗೂಡು ಇರಲಿಲ್ಲ, ಹೊಗೆ ಮೇಲೇರಿ ಹುಲ್ಲಿನ ಸಂದಿನಲ್ಲೇ ಹೊರಹೋಗಬೇಕು. ಕಿಟಕಿಗೆ ಗಾಜಿಲ್ಲ, ಮರದ ಮುಚ್ಚಳ. ಎಲ್ಲ ಮನೆಗಳಲ್ಲೂ ದನ ಒಳಗಿರಲಿಲ್ಲ. ಕೆಲವು ನಿವೇಶನಗಳಲ್ಲಿ ಕಣಜ ಮತ್ತು ಕೊಟ್ಟಿಗೆ ಪ್ರತ್ಯೇಕವಾಗಿದ್ದವು.

ಕೊಳಕಿನ ವಿಷಯಕ್ಕೆ ಬಂದರೆ, ಅಗೆದವರನ್ನು ಚಕಿತಗೊಳಿಸಿದ ಸಂಗತಿಯೊಂದಿದೆ. ಮನೆಯ ನೆಲ ನಡುವೆ ತಗ್ಗಾಗಿ ದೋಣಿಯ ತಳದಂತೆ ಸವೆದಿತ್ತು. ಕಾರಣ ಪೊರಕೆ. ತಲೆಮಾರುಗಳ ಕಾಲ ದಿನದಿನವೂ ಗುಡಿಸಿ ಗುಡಿಸಿ ನೆಲವೇ ಕೊರೆದುಹೋಗಿದೆ. ಕಸವನ್ನು ಮನೆಯೊಳಗೆ ಬಿಡದೆ ತಿಪ್ಪೆಗೆ ಹಾಕಿ, ಅಲ್ಲಿಂದ ಗೊಬ್ಬರವಾಗಿ ಹೊಲಕ್ಕೆ ಸಾಗಿಸುತ್ತಿದ್ದರು. ಹೊಲಗಳಲ್ಲಿ ಚದುರಿಬಿದ್ದಿರುವ ಮಡಕೆಯ ಚೂರುಗಳು ಆ ದಾರಿಯಲ್ಲೇ ಹೋದವು.

ಇನ್ನು ಸಾಮಾನು. ಕೀಲಿಕೈಗಳು, ಬೀಗದ ಭಾಗಗಳು, ಬಾಗಿಲಿನ ಕಬ್ಬಿಣದ ತಿರುಗಣಿಗಳು ಸಿಕ್ಕಿವೆ. ಕದಿಯಲು ಏನೂ ಇಲ್ಲದ ಮನೆಗೆ ಬೀಗ ಬೇಕಿರಲಿಲ್ಲ. ಸಾಣೆಕಲ್ಲು, ಚೂರಿ, ನೂಲುವ ಕದಿರಿನ ಬಿಲ್ಲೆ, ಬೀಸುವ ಕಲ್ಲು, ಸಮುದ್ರದ ಮೀನಿನ ಮುಳ್ಳುಗಳು ಕೂಡ ಸಿಕ್ಕಿವೆ. ಕಡಲು ಅಲ್ಲಿಂದ ಸುಮಾರು ಒಂದು ದಿನದ ನಡಿಗೆಯ ದೂರ. ಬೀಸುವ ಕಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಕಾಲದ ವ್ಯವಸ್ಥೆಯಲ್ಲಿ ಒಕ್ಕಲು ತನ್ನ ಧಾನ್ಯವನ್ನು ಒಡೆಯನ ಗಿರಣಿಯಲ್ಲೇ ಬೀಸಿಸಿ ಅದಕ್ಕೆ ಪಾಲು ಕೊಡಬೇಕಿತ್ತು. ಹಾಗಿದ್ದೂ ಮನೆಗಳಲ್ಲಿ ಕೈಬೀಸುವ ಕಲ್ಲುಗಳಿದ್ದವು ಎಂದರೆ, ಮನೆಯ ಹೆಂಗಸರು ಆ ಪಾಲನ್ನು ಸದ್ದಿಲ್ಲದೆ ಉಳಿಸಿಕೊಳ್ಳುತ್ತಿದ್ದರೆಂದೇ ನಾನು ಓದಿಕೊಳ್ಳುತ್ತೇನೆ.

ವೈದ್ಯೆ, ಮೈಸೂರು

ಮನೆ ಗಟ್ಟಿಯಾಗಿತ್ತು, ನೆಲ ಸ್ವಚ್ಛವಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಅದರಿಂದ ಬದುಕೂ ಹಸನಾಗಿತ್ತು ಎಂಬ ಭಾವನೆ ಓದುಗರಲ್ಲಿ ಮೂಡಬಾರದು. ಇದೇ ಊರಿನ ಚರ್ಚಿನ ಅಂಗಳದಿಂದ ಹೊರತೆಗೆದ ಸುಮಾರು 700 ಅಸ್ಥಿಪಂಜರಗಳ ಅಧ್ಯಯನ ನಮ್ಮ ವೃತ್ತಿಯವರಿಗೆ ಪರಿಚಿತ. ಸೈಮನ್ ಮೇಸ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿರುವಂತೆ ಅಲ್ಲಿನ 14 ವರ್ಷದ ಮಗು ಎತ್ತರದಲ್ಲಿ ಇಂದಿನ 10 ವರ್ಷದ ಮಗುವಿನಷ್ಟಿತ್ತು. ಹಲ್ಲಿನಿಂದ ವಯಸ್ಸನ್ನು, ಕಾಲಿನ ಮೂಳೆಯಿಂದ ಎತ್ತರವನ್ನು ಲೆಕ್ಕ ಹಾಕಿದಾಗ ಕಂಡ ಅಂತರವಿದು. ಬೆಳವಣಿಗೆ ನಿಧಾನವಾಗಿ, ಹೆಚ್ಚು ವರ್ಷ ನಡೆದು, ಕೊನೆಗೆ ವಯಸ್ಕರಾಗುವ ಹೊತ್ತಿಗೆ ಇಂದಿನವರಿಗಿಂತ ಕೆಲವೇ ಸೆಂಟಿಮೀಟರ್ ಗಿಡ್ಡರಾಗಿ ಉಳಿಯುತ್ತಿದ್ದರು. ಅಂದರೆ ಬಾಲ್ಯವಿಡೀ ಅರೆಹೊಟ್ಟೆ ಮತ್ತು ಪದೇ ಪದೇ ಕಾಯಿಲೆ.

ಮಕ್ಕಳ ಪಕ್ಕೆಲುಬಿನಲ್ಲಿರುವ ಸಾರಜನಕದ ಎರಡು ಬಗೆಗಳ (ಐಸೊಟೋಪುಗಳ) ಅನುಪಾತವನ್ನು ಅಳೆದು, ತಾಯಂದಿರು ಸುಮಾರು ಒಂದೂವರೆ ವರ್ಷದವರೆಗೆ ಎದೆಹಾಲು ಕುಡಿಸುತ್ತಿದ್ದರೆಂದೂ ತಿಳಿಯಲಾಗಿದೆ. ಆ ಮಕ್ಕಳು ಮೊದಲ ಒಂದೂವರೆ ವರ್ಷ ಕ್ಷೇಮವಾಗಿದ್ದು ಹಾಲು ಬಿಟ್ಟ ನಂತರ ಹಿಂದೆ ಬಿದ್ದಿದ್ದರೆ ನನಗೆ ಆಶ್ಚರ್ಯವಿಲ್ಲ. ಇಂದಿಗೂ ನಮ್ಮ ಅಂಗನವಾಡಿಗಳಲ್ಲಿ ತೂಕದ ಪಟ್ಟಿಯ ಗೆರೆ ಬಾಗುವುದು ಹೆಚ್ಚಾಗಿ ಆ ಹಂತದಲ್ಲೇ.

ನೀವು ಹೇಳಿದ ಹೊಗೆಯ ಬಗ್ಗೆಯೂ ಒಂದು ಲೆಕ್ಕವಿದೆ. ಮೂಗಿನ ಪಕ್ಕದ ಮೂಳೆಯ ಪೊಳ್ಳಿನಲ್ಲಿ ಸೈನಸ್ ಸೋಂಕಿನ ಗುರುತು ವಾರಮ್ ಪರ್ಸಿಯವರಲ್ಲಿ ಶೇಕಡಾ 39ರಷ್ಟು ಜನರಿಗಿತ್ತು. ಅದೇ ಕಾಲದ ಯಾರ್ಕ್ ನಗರದ ಬಡವರ ಸ್ಮಶಾನವೊಂದರಲ್ಲಿ ಅದು ಶೇಕಡಾ 55. ಹೊಗೆ ತುಂಬಿದ ಮನೆಯ ಹಳ್ಳಿಯವರಿಗಿಂತ ನಗರದವರ ಉಸಿರೇ ಹೆಚ್ಚು ಕೆಟ್ಟಿತ್ತು.

ಸೀಮೆಸುಣ್ಣ

ಈ ತಿದ್ದುಪಡಿಗೆ ಕೃತಜ್ಞ. ಆ ಮನೆಗಳಿಗೆ ನ್ಯಾಯ ಸಲ್ಲಿಸುವ ಉತ್ಸಾಹದಲ್ಲಿ ನಾನು ಮಕ್ಕಳನ್ನು ಮರೆತಿದ್ದೆ. ನಿಮ್ಮ ಮಾತಿಗೆ ಪೂರಕವಾಗಿ ಇನ್ನೊಂದು ವಿಷಯ: ಅದೇ ಅಂಗಳದಲ್ಲಿ ತಲೆಬುರುಡೆಗೆ ಬಲವಾದ ಪೆಟ್ಟು ಬಿದ್ದ ಒಬ್ಬ ಪುರುಷನ ಅವಶೇಷ ಸಿಕ್ಕಿದೆ. ಸುಮಾರು ಸಾವಿರ ವರ್ಷದ ಹಿಂದಿನವನು. ಯಾರೋ ತಿಳಿದವರು ಅವನ ಬುರುಡೆಯ ಮೂಳೆಯನ್ನು ಕೆರೆದು ತೆಗೆದು ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಗಾಯ ಮಾಗಿ ಮೂಳೆ ಮತ್ತೆ ಬೆಳೆದಿರುವುದರಿಂದ ಅವನು ಬದುಕಿ ಉಳಿದನೆಂಬುದು ಸ್ಪಷ್ಟ. ಅಷ್ಟು ದಿನ ಅವನಿಗೆ ಅನ್ನ ನೀರು ಕೊಟ್ಟು ಮಲಗಿಸಿ ನೋಡಿಕೊಂಡವರು ಯಾರೋ ಇದ್ದಿರಬೇಕು.

ಪದವಿ ವಿದ್ಯಾರ್ಥಿ

ಊರು ಖಾಲಿಯಾದದ್ದು ಪ್ಲೇಗಿನಿಂದಲೇ? ನಮ್ಮ ತರಗತಿಯಲ್ಲಿ ಹಾಗೆಯೇ ಹೇಳಿದ ನೆನಪು.

ಸೀಮೆಸುಣ್ಣ

ಇದು ಅತ್ಯಂತ ಸಾಮಾನ್ಯವಾದ ತಪ್ಪು ತಿಳಿವಳಿಕೆ. 1348-49ರ ಮಹಾಮಾರಿಯಲ್ಲಿ ಅನೇಕರು ಸತ್ತರು, ಜನಸಂಖ್ಯೆ ಇಳಿಯಿತು, ಚರ್ಚಿನ ಬದಿಯ ಹಜಾರಗಳನ್ನು ಮುಂದೆ ಕೆಡವಿ ಕಟ್ಟಡವನ್ನೇ ಕಿರಿದು ಮಾಡಬೇಕಾಯಿತು. ಆದರೂ ಊರು ಇನ್ನೂ ಒಂದೂವರೆ ಶತಮಾನ ಬದುಕಿತ್ತು. ಕೊನೆಗೆ ಅದನ್ನು ಖಾಲಿ ಮಾಡಿಸಿದ್ದು ಕುರಿಗಳು, ಅಂದರೆ ಕುರಿ ಮೇಯಿಸುವ ಲಾಭ. ಉಣ್ಣೆಗೆ ಬೆಲೆಯಿತ್ತು, ಹತ್ತಾರು ಒಕ್ಕಲುಗಳಿಂದ ಗೇಣಿ ಪಡೆಯುವುದಕ್ಕಿಂತ ಒಂದಿಬ್ಬರು ಕುರುಬರಿಗೆ ಕೂಲಿ ಕೊಟ್ಟು ಕುರಿ ಮೇಯಿಸುವುದು ಒಡೆಯನಿಗೆ ಹೆಚ್ಚು ಲಾಭ. ಮೊದಲಿನ ಒಡೆಯರಾದ ಪರ್ಸಿ ಮನೆತನದ ನಂತರ ಹಿಲ್ಟನ್ ಮನೆತನದವರು ಊರಿನ ಒಡೆಯರಾಗಿದ್ದರು. ಹೊಲಗಳು ಹುಲ್ಲುಗಾವಲಾಗುತ್ತಿರುವ ಬಗ್ಗೆ 1517ರಲ್ಲಿ ದೇಶಾದ್ಯಂತ ಸರಕಾರಿ ವಿಚಾರಣೆ ನಡೆದಾಗ, 1488ರ ನಂತರ ಇಲ್ಲಿ ನಾಲ್ಕು ಮನೆಗಳು ಬಿದ್ದವು, ನಾಲ್ಕು ನೇಗಿಲುಗಳ ಉಳುಮೆ ನಿಂತುಹೋಯಿತು ಎಂದು ದಾಖಲಾಯಿತು. ಊರಿನ ಕೊನೆಯ ಒಕ್ಕಲುಗಳ ಬಗ್ಗೆ ಬರೆದಿಟ್ಟಿರುವುದು ಅಷ್ಟೇ.

ಚರ್ಚು ಮಾತ್ರ ಊರಿಗಿಂತ ಬಹುಕಾಲ ಬಾಳಿತು, ಏಕೆಂದರೆ ಅಕ್ಕಪಕ್ಕದ ಹಳ್ಳಿಯವರು ಅಲ್ಲಿಗೆ ನಡೆದು ಬರುತ್ತಿದ್ದರು. ಅಲ್ಲಿ ಕೊನೆಯ ಪ್ರಾರ್ಥನೆ ನಡೆದದ್ದು 1949ರಲ್ಲಿ. ಹತ್ತು ವರ್ಷದ ನಂತರ ಗೋಪುರದ ಒಂದು ಭಾಗ ಕುಸಿಯಿತು.

ಹಿನ್ನೀರಿನ ಮಗಳು

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನಮ್ಮ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲೊಂದು. ಆಗ ನಾನು ಶಾಲೆಗೆ ಹೋಗುವ ಹುಡುಗಿ. ಮೇಲೆ ಒಬ್ಬರು ದನ ಮತ್ತು ಮನುಷ್ಯರು ಒಂದೇ ಬಾಗಿಲಲ್ಲಿ ಹೇಗೆ ಎಂದು ಕೇಳಿದ್ದಾರೆ. ನಮ್ಮದು ಮೇಲ್ಮುದ್ದೆಯ ಮಣ್ಣಿನ ಮನೆ. ತಲಬಾಗಿಲು ದಾಟಿದೊಡನೆ ಸಿಗುತ್ತಿದ್ದದ್ದು ದಂದಕ್ಕಿ, ಅಲ್ಲಿ ಎತ್ತುಗಳು. ಅದರ ಆಚೆ ಎತ್ತರಿಸಿದ ಪಡಸಾಲೆಯಲ್ಲಿ ನಾವು. ರಾತ್ರಿ ಎತ್ತು ಮೆಲುಕು ಹಾಕುವ ಸದ್ದು ನಿಂತರೆ ಅಜ್ಜನಿಗೆ ಎಚ್ಚರವಾಗುತ್ತಿತ್ತು. ವಾಸನೆ ಎಂಬುದು ಹೊರಗಿನಿಂದ ಬಂದವರಿಗೆ ಮಾತ್ರ ತಿಳಿಯುತ್ತಿತ್ತು. ಚಳಿಗಾಲದಲ್ಲಿ ದನದ ಮೈಶಾಖ ಎಂಥ ಆಸರೆಯೆಂದು ಆ ಯಾರ್ಕ್‌ಶೈರ್‌ನವರಿಗೆ ನಮಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು.

ನಾನು ಬರೆಯಬೇಕೆಂದದ್ದು ಮರದ ವಿಷಯ. ಊರು ಬಿಡುವ ದಿನ ಬಂದಾಗ ಗೋಡೆಯನ್ನು ಯಾರೂ ತಿರುಗಿ ನೋಡಲಿಲ್ಲ. ಅಪ್ಪ ಮತ್ತು ಚಿಕ್ಕಪ್ಪಂದಿರು ಮೂರು ದಿನ ಕೂತು ಬಿಚ್ಚಿದ್ದು ತೊಲೆ, ಜಂತಿ, ಕಂಬ, ಬಾಗಿಲುವಾಡ. ಒಂದೊಂದು ಕಂಬಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ ಟ್ರ್ಯಾಕ್ಟರಿಗೆ ಏರಿಸಿದರು. ಪುನರ್ವಸತಿ ಕೇಂದ್ರದ ನಮ್ಮ ಸಿಮೆಂಟಿನ ಮನೆಗೆ ಇಂದಿಗೂ ಅದೇ ತಲಬಾಗಿಲು. ಮುಂದೆ ಯಾರಾದರೂ ಆ ನೀರಿನ ತಳ ಅಗೆದರೆ ಅವರಿಗೆ ಸಿಗುವುದು ಕರಗಿದ ಮಣ್ಣು. ಇವರು ಮಣ್ಣಿನ ಗುಡಿಸಲಿನಲ್ಲಿದ್ದರು ಎಂದು ಅವರು ಬರೆದುಕೊಳ್ಳಬಹುದು. ಸಾಗುವಾನಿಯ ಆ ಬಾಗಿಲನ್ನು ಮುತ್ತಜ್ಜ ಮಾಡಿಸಿದ್ದು.

ಸೀಮೆಸುಣ್ಣ

ಅಕ್ಕಾ, ನೀವು ಬರೆದದ್ದನ್ನು ಎರಡು ಬಾರಿ ಓದಿದೆ. ಮರಗಳು ವಿರಳವಾದ ಆ ಸುಣ್ಣದ ಗುಡ್ಡದಲ್ಲಿ ಒಳ್ಳೆಯ ಕ್ರಕ್ ಜೋಡಿಯನ್ನು ಕೊಳೆಯಲು ಬಿಟ್ಟು ಹೋಗುವ ರೈತನಿರಲಾರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ನಿಮಗಾಗಿ ಒಂದು ಸಂಗತಿ. ವಾರಮ್ ಪರ್ಸಿಯಲ್ಲಿ ಸಿಕ್ಕ ಕಲ್ಲೊಂದರ ಮೇಲೆ ಆಟದ ಮನೆಗಳನ್ನು ಗೀರಿದ್ದಾರೆ. ಒಂದರೊಳಗೊಂದು ಮೂರು ಚೌಕಗಳು, ಬದಿಗಳ ನಡುವೆ ಜೋಡಿಸುವ ಗೆರೆಗಳು. ಒಬ್ಬೊಬ್ಬರಿಗೆ ಒಂಬತ್ತು ಕಾಯಿ, ಮೂರನ್ನು ಸಾಲಾಗಿ ಕೂರಿಸಿದರೆ ಎದುರಾಳಿಯ ಒಂದು ಕಾಯಿ ಹೋಗುತ್ತದೆ. ನಮ್ಮಲ್ಲಿ ಇದನ್ನು ಸಾಲುಮನೆ ಎಂದೂ ನವಕಂಕರಿ ಎಂದೂ ಕರೆಯುತ್ತಾರೆ. ಹಂಪಿಯ ಕಲ್ಲುಹಾಸಿನ ಮೇಲೂ ಇದೇ ಗೆರೆಗಳಿವೆ.

ಹಿನ್ನೀರಿನ ಮಗಳು

ಆ ಆಟ ನಮ್ಮೂರಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೂ ಇತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಕಟ್ಟೆ ಮೇಲೆ ಬರುತ್ತದೆ. ಹೋದ ಬೇಸಿಗೆಯಲ್ಲಿ ತಮ್ಮನೂ ನಾನೂ ಅಲ್ಲಿಗೆ ನಡೆದು ಹೋಗಿ ಒಣಗಿದ ಕೆಸರನ್ನು ಕೈಯಿಂದ ಒರೆಸಿದೆವು. ಮೂರು ಚೌಕಗಳೂ ಹಾಗೆಯೇ ಇದ್ದವು. ಕಾಯಿಗಳಿಗೆ ಅವನು ಹೆಂಚಿನ ಚೂರು ಆರಿಸಿಕೊಂಡ, ನಾನು ಬೆಣಚುಕಲ್ಲು ಆರಿಸಿಕೊಂಡೆ. ಹೊತ್ತು ಮುಳುಗುವವರೆಗೆ ಆಡಿದೆವು.